ಜಾಂಬೆಜಿಯಲ್ಲಿ ಹಿಂದಿನ ಸೀಟು

ಯಾವ ಟೂರಿಗೇ ಹೊರಡಲಿ, ಡ್ರೈವರ್ ಪಕ್ಕದ ಸೀಟು ಮನೆಯ ಹಿರಿಯ ಗಂಡಸಿನದು. ಹೆಂಡತಿ ಹಿಂದೆ, ತಿಂಡಿ ಚೀಲ ಮತ್ತು ನೀರಿನ ಬಾಟಲಿಗಳ ಜೊತೆ. ಚಾಮರಾಜಪೇಟೆಯ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಸೀಟಿನ ಪಟ್ಟಿ ಬರೆಯುತ್ತಿರುವವಳು ನಾನು. ಯಾರೂ ಹೇಳಬೇಕಾಗಿಲ್ಲ, ಕೈ ತಾನಾಗಿ ಹಾಗೇ ಬರೆಯುತ್ತದೆ. ಮುಂದೆ ಯಜಮಾನರು, ಹಿಂದೆ ಅವರ ಮನೆಯವರು. ಈ ಅಭ್ಯಾಸದಿಂದ ಒಂದು ದಿನ ಆಫ್ರಿಕಾದ ದೊಡ್ಡ ನದಿಯೊಂದರ ಮೇಲೆ ನನ್ನ ಕೆಲಸಕ್ಕೇ ಕುತ್ತು ಬರುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮದು ಸಣ್ಣ ಆಫೀಸು. ಎಲ್ಲಿಗೆ ಹೋದರೂ ಜೊತೆಗೆ ನಮ್ಮದೇ ಅಡುಗೆ ಭಟ್ಟರು ಬರುತ್ತಾರೆ, ಮೂರು ಹೊತ್ತೂ ನಮ್ಮೂಟ ಸಿಗುತ್ತದೆ ಅನ್ನುವುದೇ ನಮ್ಮ ಹೆಗ್ಗಳಿಕೆ. ಮಾಲೀಕರಿಗೆ ಹೊರದೇಶ ಅಂದರೆ ಸಿಂಗಪುರ, ಹೆಚ್ಚೆಂದರೆ ದುಬೈ. ಜಾಂಬೆಜಿ ನದಿಯ ಪ್ರವಾಸ ನನ್ನ ಹಟ. ಜಾಂಬಿಯಾ ದೇಶದಲ್ಲಿ, ನದಿಯ ದಂಡೆಯ ಡೇರೆಗಳಲ್ಲಿ ವಾಸ. ಜೀಪಿನಲ್ಲಿ ಆನೆ ನೋಡುವುದು, ಮೀನು ಹಿಡಿದು ವಾಪಸ್ ನೀರಿಗೇ ಬಿಡುವುದು, ನಡುಗಡ್ಡೆಯಲ್ಲಿ ಊಟ. ಕೊನೆಯ ಎರಡು ದಿನ ಇಬ್ಬಿಬ್ಬರು ಕೂರುವ ಉದ್ದ ದೋಣಿಗಳಲ್ಲಿ ಸ್ವತಃ ಹುಟ್ಟು ಹಾಕುತ್ತಾ ನದಿಯ ಜೊತೆ ಕೆಳಗಿಳಿಯುವುದು.

ಆ ಕೊನೆಯ ಎರಡು ದಿನಕ್ಕಾಗಿಯೇ ಹೆಸರು ಕೊಟ್ಟವರು ಹೆಂಗಸರು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಎಲ್ಲರೂ ಇದನ್ನು ಮರೆತರು. ಆರು ಜೋಡಿಗಳಲ್ಲಿ ಐದು ಮನೆಯಲ್ಲಿ ಹೆಂಡತಿಯರೇ ಆಫೀಸಿಗೆ ಬಂದು ವಿಚಾರಿಸಿದ್ದು. ಮೊದಲು ಬಂದವರು ಮಲ್ಲೇಶ್ವರದ ಒಬ್ಬ ಮೇಡಂ, ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು. ಐವತ್ತೈದು ತುಂಬಿದ ಮೇಲೆ ಈಜು ಕಲಿತಿದ್ದರು. ಫೋಟೊದಲ್ಲಿದ್ದ ದೋಣಿಯ ಮೇಲೆ ಬೆರಳಿಟ್ಟು, ಇದನ್ನು ನಾವೇ ನಡೆಸಬೇಕಾ, ಇಲ್ಲ ಸುಮ್ಮನೆ ಕೂತು ಬರುವುದಾ ಅಂತ ಕೇಳಿದರು. ನೀವೇ ನಡೆಸಬೇಕು ಅಂದೆ. ಹಾಗಾದರೆ ಬರೆದುಕೊಳ್ಳಿ ಅಂದರು. ಅವರ ಯಜಮಾನರು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಅವರಿಗೆ ವಿಷಯ ತಿಳಿದದ್ದು ಆಮೇಲೆ. ಎರಡನೆಯವರು ಬಳೇಪೇಟೆಯ ಸಗಟು ಅಂಗಡಿಯವರ ಹೆಂಡತಿ. ಆಕೆಗೆ ಈಜು ಬರುತ್ತಿರಲಿಲ್ಲ, ನಾನು ಕಡ್ಡಾಯ ಅಂದಮೇಲೆ ಎರಡು ತಿಂಗಳಲ್ಲಿ ಕಲಿತರು.

ಮಾಲೀಕರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಇದು ಸರಿಹೋದರೆ ವರ್ಷಕ್ಕೊಂದು ಇಂಥ ಪ್ರವಾಸ ನನ್ನ ಕೈಗೆ. ಒಂದೇ ಒಂದು ದೂರು ಬಂದರೂ ಹೊರದೇಶದ ಮಾತು ಬಿಟ್ಟು ಟಿಕೆಟ್ ಕೌಂಟರಿನಲ್ಲಿ ಕೂರಬೇಕು. ಹೂಂ ಅಂದೆ.

ಆಫೀಸಿನ ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು, ಜೇಡರ ಬಲೆ ತೆಗೆಯುವ ಉದ್ದ ಕೋಲುಗಳನ್ನು ಕೈಗೆ ಕೊಟ್ಟು ಪ್ರತಿ ಭಾನುವಾರ ಬೆಳಗ್ಗೆ ಅಭ್ಯಾಸ ಮಾಡಿಸಿದೆ. ಮುಂದಿನ ಕುರ್ಚಿ ಗಂಡನಿಗೆ, ಹಿಂದಿನದು ಹೆಂಡತಿಗೆ. ಎರಡನೇ ವಾರಕ್ಕೇ ಗಂಡಸರು ಕೈಕೊಟ್ಟರು. ಬ್ಯಾಂಕಿನ ಸಾಹೇಬರು ಇದೇನು ಮಕ್ಕಳಾಟ ಅಂತ ಮೂಗು ಮುರಿದರು. ಹೆಂಗಸರು ಮಾತ್ರ ತಪ್ಪಿಸಲಿಲ್ಲ. ಮುಂದಿನ ಕುರ್ಚಿಗಳು ಖಾಲಿ, ಹಿಂದಿನ ಕುರ್ಚಿಗಳಲ್ಲಿ ಆರು ಜನ ಹೆಂಗಸರು ಗಾಳಿಯಲ್ಲಿ ಕೋಲು ಬೀಸುತ್ತಾ ಕೂತಿದ್ದನ್ನು ಎದುರು ಮನೆಯವರು ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದರು.

ಅಲ್ಲಿನ ಕ್ಯಾಂಪಿನವರು ಒಂದು ಫಾರಂ ಕಳಿಸಿದ್ದರು. ಪ್ರತಿ ದೋಣಿಗೂ ಮುಂದೆ ಯಾರು, ಹಿಂದೆ ಯಾರು, ಇಬ್ಬರ ತೂಕ ಎಷ್ಟು ಅಂತ ಕಾಲಂ. ನಾನು ಎರಡು ನಿಮಿಷದಲ್ಲಿ ತುಂಬಿ ಕಳಿಸಿದೆ. ಆರು ದೋಣಿ, ಮುಂದೆ ಆರು ಗಂಡಂದಿರು, ಹಿಂದೆ ಆರು ಹೆಂಡತಿಯರು.

ಜೀಪು, ಮೀನು ಎಲ್ಲ ಮುಗಿಸಿ ದೋಣಿಯ ಕ್ಯಾಂಪು ತಲುಪಿದ ಸಂಜೆ ಮುಖ್ಯ ಗೈಡ್ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನನ್ನ ವಯಸ್ಸಿನವರೇ, ಆ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದವರು, ಮಾತು ಕಡಿಮೆ. ನಿಮ್ಮ ಗುಂಪಿನಲ್ಲಿ ಹೆಂಗಸರೆಲ್ಲ ದೋಣಿ ನಡೆಸಿ ಪಳಗಿದವರಾ ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಗ ಅವರು ಮರಳಿನ ಮೇಲೆ ಒಂದು ದೋಣಿಯ ಚಿತ್ರ ಗೀಚಿ ತೋರಿಸಿದರು. ಮುಂದೆ ಕೂತವನ ಕೆಲಸ ಬಲ ಹಾಕಿ ಹುಟ್ಟು ಎಳೆಯುವುದು, ಅಷ್ಟೇ. ದೋಣಿ ಎತ್ತ ಹೋಗಬೇಕು ಅನ್ನುವುದನ್ನು ನಿರ್ಧರಿಸುವವರು ಹಿಂದೆ ಕೂತವರು. ಚುಕ್ಕಾಣಿ ಹಿಂದಿನ ಸೀಟಿನಲ್ಲಿ.

ಹದಿನೆಂಟು ವರ್ಷದ ಅನುಭವ ಇಟ್ಟುಕೊಂಡು, ಕಾರಿನ ಸೀಟಿನ ಹಾಗೆ ದೋಣಿಯ ಸೀಟು ಹಂಚಿಬಿಟ್ಟಿದ್ದೆ. ಯಾವುದೋ ದೊಡ್ಡ ಯೋಚನೆಯಿಂದ ಹೀಗೆ ಮಾಡಿದೆ ಅಂತ ಈಗ ಹೇಳಿಕೊಳ್ಳಬಹುದು, ಆದರೆ ಸುಳ್ಳಾಗುತ್ತದೆ. ಅದು ಶುದ್ಧ ಪೆದ್ದುತನ. ಗೈಡ್ ನಗಲಿಲ್ಲ. ನಾಳೆ ಪಕ್ಕದ ಕಾಲುವೆಯಲ್ಲಿ ನೋಡೋಣ ಅಂದರು.

ಮರುದಿನ ಮುಖ್ಯ ಹರಿವಿನಿಂದ ಕವಲೊಡೆದ ಒಂದು ಶಾಂತ ಕಾಲುವೆಯಲ್ಲಿ ಅಭ್ಯಾಸ. ಮೊದಲು ನದಿಯ ನಿಯಮ ಕಲಿಸಿದರು. ಕೈ ನೀರಿಗೆ ಇಳಿಬಿಡಬಾರದು, ಮೊಸಳೆ ಇರುತ್ತದೆ. ನೀರಾನೆಗಳು ಹಗಲಲ್ಲಿ ಆಳದ ನೀರಿನಲ್ಲಿ ಮುಳುಗಿರುತ್ತವೆ, ಹೆದರಿದರೆ ಆಳಕ್ಕೇ ಓಡುತ್ತವೆ. ಆದ್ದರಿಂದ ದೋಣಿಗಳು ದಡದ ತೆಳುನೀರಿನಲ್ಲಿ ಒಂದರ ಹಿಂದೊಂದು ಹೋಗಬೇಕು. ಗೈಡ್ ತಮ್ಮ ಹುಟ್ಟಿನಿಂದ ದೋಣಿಯ ಅಂಚಿಗೆ ಟಕಟಕ ಬಡಿಯುತ್ತಾರೆ, ಆ ಸದ್ದಿಗೆ ನೀರಾನೆ ತಲೆ ಎತ್ತಿ ತಾನೆಲ್ಲಿದ್ದೇನೆ ಅಂತ ತೋರಿಸುತ್ತದೆ. ಗೈಡಿನ ಕೈ ಎತ್ತ ತೋರಿಸುತ್ತದೋ ಅತ್ತ ಹೋಗಬೇಕು, ಯಾಕೆ ಅಂತ ಆಮೇಲೆ ಕೇಳಬೇಕು.

ನಿಯಮವೇನೋ ಎಲ್ಲರಿಗೂ ಬಾಯಿಪಾಠವಾಯಿತು. ದೋಣಿಗಳು ಮಾತ್ರ ಮಾತು ಕೇಳಲಿಲ್ಲ. ಮುಂದೆ ಕೂತ ಗಂಡಸರು ಒಬ್ಬೊಬ್ಬರೂ ಭಾರಿ ಆಳು, ಹಿಂದಿನವರು ಹಗುರ. ದೋಣಿಯ ಮೂತಿ ನೀರಿಗೆ ಅದುಮಿಕೊಂಡು ಬಾಲ ಮೇಲೆದ್ದಿತ್ತು. ಹಿಂದಿನವರು ಎಷ್ಟು ಹುಟ್ಟು ಹಾಕಿದರೂ ನೀರು ಸರಿಯಾಗಿ ಸಿಗದೆ ದೋಣಿ ಗಿರಗಿರ ಸುತ್ತಿತು. ಬ್ಯಾಂಕಿನ ಸಾಹೇಬರ ದೋಣಿ ಜೊಂಡಿನೊಳಗೆ ನುಗ್ಗಿತು. ಸಾಹೇಬರು ಎದ್ದು ನಿಂತರು. ನಿಲ್ಲಬಾರದು ಅಂತ ಹತ್ತು ಸಲ ಹೇಳಿಯಾಗಿತ್ತು. ಮೊಣಕಾಲುದ್ದದ ಕೆಸರು ನೀರಿಗೆ ಬಿದ್ದು, ಟೋಪಿಯಿಂದ ಬೂಟಿನವರೆಗೆ ಒದ್ದೆಯಾಗಿ ದಡ ಹತ್ತಿದರು. ಅಷ್ಟೂ ಹೊತ್ತು ತಡೆದಿಟ್ಟಿದ್ದ ಬೈಗುಳವೆಲ್ಲ ಹೆಂಡತಿಯ ಮೇಲೆ ಇಳಿಯಿತು. ಮೇಡಂ ಅವರ ಟೋಪಿ ಹಿಂಡಿ ಕೊಟ್ಟರು.

ಕ್ಯಾಂಪಿನಲ್ಲಿ ಊಟದ ಡೇರೆಯೊಂದರಲ್ಲಿ ಮಾತ್ರ ಇಂಟರ್ನೆಟ್ ಸಿಗುತ್ತಿತ್ತು. ಆ ಸಂಜೆ ಸಾಹೇಬರು ಅಲ್ಲಿ ಒಬ್ಬರೇ ಬಹಳ ಹೊತ್ತು ಕೂತಿದ್ದರು. ಯಾಕೆ ಅಂತ ನನಗೆ ಬೆಳಗ್ಗೆ ಗೊತ್ತಾಯಿತು. ನಮಗೆ ಆರು ಗಂಟೆಯಾದಾಗ ಬೆಂಗಳೂರಿನಲ್ಲಿ ಒಂಬತ್ತೂವರೆ. ಮಾಲೀಕರು ಪೂಜೆ ಮುಗಿಸಿ, ಆಫೀಸಿನ ಬಾಗಿಲು ತೆಗೆದು, ಸಾಹೇಬರು ಕಳಿಸಿದ್ದ ದೂರು ಓದಿದ ಕೂಡಲೇ ಫೋನ್ ಮಾಡಿದರು.

"ನೋಡಿಮ್ಮಾ, ಹೆಂಗಸ್ರನ್ನ ದೋಣಿ ಹತ್ತಿಸ್ಬೇಡಿ. ಭಟ್ಟರ ಜೊತೆ ಜೀಪಲ್ಲಿ ಕಳ್ಸಿ. ಗಂಡಸ್ರು ಬೇಕಾದ್ರೆ ಗೈಡ್ ಜೊತೆ ಹೋಗ್ಲಿ. ಇದು ನನ್ನ ಆರ್ಡರ್ರು."

ದೋಣಿಗೆ ಅಂತಲೇ ಬಂದವರು ಹೆಂಗಸರು ಸಾರ್ ಅಂದೆ. ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಅಂದರು. ಹೆಚ್ಚುಕಮ್ಮಿ ಗಂಡಸರಿಗೆ ಆಗುವುದಿಲ್ಲವಾ ಅಂದೆ. ಅವರು ಕೌಂಟರಿನ ಕುರ್ಚಿಯನ್ನು ನೆನಪಿಸಿ ಫೋನ್ ಇಟ್ಟುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ತಾರಸಿಯ ಮೇಲೆ ಬಿಸಿಲಲ್ಲಿ ಕೂತು ಕೋಲು ಬೀಸಿದವರು ಯಾರು, ಕ್ಲೋರಿನ್ ನೀರು ಕುಡಿದು ಈಜು ಕಲಿತವರು ಯಾರು! ಎರಡನೇ ವಾರಕ್ಕೇ ಕೈಕೊಟ್ಟು, ದೋಣಿಯಲ್ಲಿ ಎದ್ದು ನಿಂತು ನೀರಿಗೆ ಬಿದ್ದವರ ಮಾತಿಗೆ ಇವರನ್ನು ಜೀಪಿಗೆ ಹಾಕಬೇಕಂತೆ. ನಾನು ಅಲ್ಲಿಯವರೆಗೆ ಮಾಲೀಕರ ಮಾತು ಮೀರಿದವಳಲ್ಲ. ಕಾಶಿಯಲ್ಲಿ ರೂಮು ಬದಲಿಸಬೇಕಾದರೂ ಫೋನ್ ಮಾಡಿ ಕೇಳುತ್ತಿದ್ದೆ. ಆ ದಿನ ಫೋನನ್ನು ಸ್ವಿಚ್ ಆಫ್ ಮಾಡಿ ಚೀಲದ ತಳಕ್ಕೆ ಹಾಕಿದೆ.

ಆದರೆ ಕೋಪದಿಂದ ದೋಣಿ ನೆಟ್ಟಗಾಗುವುದಿಲ್ಲ. ಮೂತಿ ಅದುಮುವ ಸಮಸ್ಯೆ ಹಾಗೇ ಇತ್ತು. ಗೈಡ್ ಹೇಳಿದ ಪರಿಹಾರ ಸುಲಭದ್ದು: ಗಂಡಸರು ಹಿಂದೆ, ಹೆಂಗಸರು ಮುಂದೆ. ಭಾರ ಹಿಂದೆ ಹೋದರೆ ದೋಣಿ ಸರಿಯಾಗುತ್ತದೆ. ತಾಂತ್ರಿಕವಾಗಿ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ತೊಂದರೆ ಬೇರೆಯಿತ್ತು. ನಿನ್ನೆಯ ಕಾಲುವೆಯಲ್ಲಿ ಗೈಡ್ ಎಡಗೈ ಎತ್ತಿದಾಗ ಆರು ಜನ ಹೆಂಗಸರೂ ಎಡಕ್ಕೇ ಹುಟ್ಟು ತಿರುಗಿಸಲು ನೋಡಿದ್ದರು. ಗಂಡಸರಲ್ಲಿ ಗೈಡಿನ ಕೈ ನೋಡಿದವರು ಇಬ್ಬರೋ ಮೂವರೋ. ಮಿಕ್ಕವರು ತಮಗೆ ತೋಚಿದ ಕಡೆಗೆ ಎಳೆದರು. ಇದನ್ನು ಗೈಡಿಗೆ ಹೇಳಿದೆ. ನೋಡಿದ್ದೇನೆ ಅಂದರು.

ಹಾಗಿದ್ದರೆ ಭಾರ ಮಾತ್ರ ಹಿಂದಕ್ಕೆ ಹೋದರೆ ಸಾಲದಾ, ಮನುಷ್ಯರೇ ಹೋಗಬೇಕಾ ಅಂತ ಕೇಳಿದೆ. ಅವರು ಯೋಚಿಸಿದರು. ದೂರದ ಪ್ರಯಾಣಕ್ಕೆ ಸಾಮಾನು ಹಾಗೇ ತುಂಬುತ್ತೇವೆ, ನಿಮ್ಮ ಹತ್ತಿರ ಅಷ್ಟು ಭಾರದ ಸಾಮಾನು ಏನಿದೆ ಅಂದರು. ನಾನು ಅಡುಗೆ ಡೇರೆಯ ಕಡೆ ಕೈ ತೋರಿಸಿದೆ.

ಭಟ್ಟರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ರಾಜಧಾನಿ ಲುಸಾಕಾದಲ್ಲಿ ಕೊಂಡ ಅಕ್ಕಿ ಮೂಟೆಗಳು, ಬೇಳೆ ಡಬ್ಬಗಳು, ಎರಡು ದೊಡ್ಡ ಕುಕ್ಕರ್, ಎಣ್ಣೆ ಡಬ್ಬ, ಬೆಂಗಳೂರಿನಿಂದ ಹೊತ್ತು ತಂದ ಗೊಜ್ಜಿನ ಜಾಡಿಗಳು ಎಲ್ಲವೂ ಜೀಪಿನಲ್ಲಿ ದಡದ ದಾರಿಯಿಂದ ಮುಂದಿನ ಕ್ಯಾಂಪಿಗೆ ಹೋಗಬೇಕಾದವು. "ನನ್ನ ಕುಕ್ಕರ್ ಮೊಸಳೆ ಬಾಯಿಗೆ ಹೋದ್ರೆ ಸಂಜೆಗೆ ಅನ್ನ ನೀವು ಮಾಡ್ತೀರಾ?" ಅಂತ ಕೇಳಿದರು. ಮಾಡ್ತೀನಿ ಅಂದೆ. ಅದು ಅವರಿಗೆ ಇನ್ನೂ ದೊಡ್ಡ ಬೆದರಿಕೆಯಾಗಿ ಕಂಡಿರಬೇಕು, ತಾವೇ ಮುಂದೆ ನಿಂತು ಗಂಟು ಕಟ್ಟಿಸಿದರು. ಜಾಡಿಗಳನ್ನು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಫಾರಂನಲ್ಲಿದ್ದ ತೂಕ ನೋಡಿಕೊಂಡು ಒಂದೊಂದು ದೋಣಿಗೆ ಎಷ್ಟು ಸಾಮಾನು ಬೇಕು ಅಂತ ಗೈಡ್ ಹೇಳಿದರು. ಹಿಂದಿನ ಸೀಟಿನ ಬೆನ್ನಿಗೆ ಅಕ್ಕಿ, ಅದರ ಮೇಲೆ ನೀರಿನ ಕ್ಯಾನು, ಅಲ್ಲಾಡದ ಹಾಗೆ ಹಗ್ಗ. ಬ್ಯಾಂಕಿನ ಸಾಹೇಬರ ದೋಣಿಗೆ ಎರಡು ಕ್ಯಾನು, ಒಂದು ಮೂಟೆ ಅಕ್ಕಿ, ದೊಡ್ಡ ಕುಕ್ಕರ್. ಬಾಲ ಇಳಿಯಿತು, ಮೂತಿ ಎದ್ದಿತು.

ಆಮೇಲೆ ಗೈಡ್ ತಮ್ಮ ಷರತ್ತು ಹಾಕಿದರು. ನನ್ನ ಹಟಕ್ಕಾಗಲೀ ಯಾರ ಗಂಡನ ಕೋಪಕ್ಕಾಗಲೀ ಅವರು ಸೊಪ್ಪು ಹಾಕುವುದಿಲ್ಲ. ಕಾಲುವೆಯಲ್ಲಿ ಮೂರು ಪರೀಕ್ಷೆ. ಹೇಳಿದ ಕಡೆ ದೋಣಿ ನಿಲ್ಲಿಸಬೇಕು, ಹಿಮ್ಮುಖವಾಗಿ ನೇರ ಬರಬೇಕು, ಕೈ ಎತ್ತಿದ ಕ್ಷಣ ದಡಕ್ಕೆ ತಿರುಗಬೇಕು. ಹಿಂದೆ ಕೂತವರು ಮೂರರಲ್ಲಿ ಒಂದು ತಪ್ಪಿದರೂ ಜೀಪು. ಒಪ್ಪಿದೆ. ನದಿಯ ವಿಷಯದಲ್ಲಿ ಕೊನೆಯ ಮಾತು ಅವರದೇ ಆಗಬೇಕಿತ್ತು.

ಐದು ಜನ ಪಾಸಾದರು. ಬಳೇಪೇಟೆಯವರ ದೋಣಿ ಹಿಮ್ಮುಖವಾಗಿ ಬರುವಾಗ ಎರಡು ಸಲವೂ ಅಡ್ಡ ತಿರುಗಿತು. ಆಕೆಯ ಯಜಮಾನರು ಹಿಂದೆ ಕೂತು ನೋಡಿದರು, ಅವರದೂ ಅಡ್ಡ. ಗೈಡ್ ಇಬ್ಬರಿಗೂ ಬೇಡ ಅಂತ ತಲೆಯಾಡಿಸಿದರು. ಯಜಮಾನರಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು, ಹೋಗಿ ಭಟ್ಟರ ಪಕ್ಕ ಕೂತರು. ಆಕೆ ಲೈಫ್ ಜಾಕೆಟ್ ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟು ಜೀಪು ಹತ್ತಿದರು. ಆಕೆಗಾಗಿ ಗೈಡಿನ ಹತ್ತಿರ ಇನ್ನೊಂದು ಸಲ ಬೇಡಿಕೊಳ್ಳಬಹುದಿತ್ತೇನೋ. ಬೇಡಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ಹೊರಡುವ ಹೊತ್ತಿಗೆ ಬ್ಯಾಂಕಿನ ಸಾಹೇಬರು ದೋಣಿ ಹತ್ತಲು ಒಪ್ಪಲಿಲ್ಲ. ನಿಮ್ಮ ಮಾಲೀಕರು ಏನು ಹೇಳಿದರು ಅಂತ ನನ್ನನ್ನು ಎಲ್ಲರ ಎದುರು ಕೇಳಿದರು. ಹೇಳಿದ್ದನ್ನು ಹೇಳಿದೆ, ನಾನು ಕೇಳುವುದಿಲ್ಲ ಅಂತಲೂ ಹೇಳಿದೆ. ಬೇಕಾದರೆ ನೀವು ಜೀಪಿನಲ್ಲಿ ಬನ್ನಿ ಸಾರ್, ನಿಮ್ಮ ಮನೆಯವರ ಮುಂದೆ ನಾನು ಕೂರುತ್ತೇನೆ ಅಂದೆ. ಅವರ ಕಣ್ಣು ಕೆಂಪಾಯಿತು. ಅಷ್ಟರಲ್ಲಿ ಮೇಡಂ ದೋಣಿಯ ಹಿಂದಿನ ಸೀಟಿನಲ್ಲಿ ಆಗಲೇ ಕೂತು, ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು.

"ರೀ, ಬಂದು ಕೂತ್ಕೊಳ್ಳಿ," ಅಂದರು. "ಮುಂದೆ ನೋಡ್ಕೊಂಡು ಹುಟ್ಟು ಹಾಕಿ ಸಾಕು. ಹಿಂದೆ ನಾನಿದೀನಿ."

ಸಾಹೇಬರು ಮುಖ ಊದಿಸಿಕೊಂಡೇ ಕೂತರು.

ಏಳು ದೋಣಿಗಳ ಸಾಲು. ಮೊದಲನೆಯದರಲ್ಲಿ ಮುಖ್ಯ ಗೈಡ್, ಅವರ ಹಿಂದೆ ಸಾಹೇಬರ ದೋಣಿ, ಮಿಕ್ಕ ನಾಲ್ಕು, ಕೊನೆಯದರಲ್ಲಿ ಎರಡನೇ ಗೈಡ್ ಮತ್ತು ನಾನು. ಬಳೇಪೇಟೆಯವರ ದೋಣಿ ಕ್ಯಾಂಪಿನಲ್ಲೇ ಉಳಿಯಿತು. ಮುಖ್ಯ ಹರಿವಿಗೆ ಇಳಿದಾಗ ನದಿ ಎಷ್ಟು ಅಗಲ ಇದೆ ಅನ್ನುವುದು ಮೊದಲ ಸಲ ಮೈಗೆ ತಿಳಿಯಿತು. ಆಚೆ ದಡದ ಆನೆಗಳು ಎಮ್ಮೆ ಕರುಗಳಷ್ಟು ಕಾಣುತ್ತಿದ್ದವು. ಮೊದಲ ಒಂದು ಗಂಟೆ ಕೇಳಿಸಿದ್ದು ಇಷ್ಟೇ: ಹುಟ್ಟಿನ ಸದ್ದು, ಸಾಹೇಬರ ದೋಣಿಯಿಂದ ಆಗಾಗ ಗೊಣಗಾಟ.

ನಡುಗಡ್ಡೆಯೊಂದರ ಪಕ್ಕದಲ್ಲಿ ನದಿ ಕಿರಿದಾಗುವ ಕಡೆ ಗೈಡ್ ಅಂಚಿಗೆ ಬಡಿದರು. ಟಕ್, ಟಕ್, ಟಕ್. ಮುಂದೆ ನಡುನೀರಿನಲ್ಲಿ ಒಂದೊಂದಾಗಿ ತಲೆಗಳು ಎದ್ದವು. ನಾನು ಏಳು ಎಣಿಸಿದೆ. ಗೈಡ್ ಎಡದಡವನ್ನು ಒಮ್ಮೆ ನೋಡಿ, ಅಲ್ಲಿ ಯಾವ ಪ್ರಾಣಿಯೂ ಇಲ್ಲ ಅಂತ ಖಚಿತ ಮಾಡಿಕೊಂಡು ಎಡಗೈ ಎತ್ತಿದರು. ಎಡದಲ್ಲಿ ಜೊಂಡು, ತೆಳುನೀರು, ದೋಣಿ ಹಿಡಿಸುವಷ್ಟೇ ಜಾಗ. ಬಲಗಡೆ ನೀರು ವಿಶಾಲವಾಗಿ, ಖಾಲಿಯಾಗಿ, ಕಣ್ಣಿಗೆ ತಂಪಾಗಿ ಕಾಣುತ್ತಿತ್ತು.

ಸಾಹೇಬರು ಬಲಕ್ಕೆ ಎಳೆದರು. ನಿನ್ನೆ ಬಿದ್ದ ಜೊಂಡಿನ ನೆನಪೇ ಇರಬೇಕು. ಬಲಕ್ಕೆ ತಿರುಗ್ಸು ಅಂತ ಕೂಗಿದರು. ಒಮ್ಮೆಯಲ್ಲ, ನಾಲ್ಕೈದು ಸಲ. ಅವರ ಎಳೆತಕ್ಕೆ ದೋಣಿಯ ಮೂತಿ ಒಂದು ಕ್ಷಣ ಬಲಕ್ಕೆ ವಾಲಿತು. ಅಷ್ಟು ಹಿಂದಿನಿಂದ ನಾನು ಕೂಗಿ ಮಾಡುವಂಥದ್ದೇನೂ ಇರಲಿಲ್ಲ. ಮಾಲೀಕರ ಮಾತು ಕೇಳಬೇಕಿತ್ತಾ ಅಂತ ಆ ಕ್ಷಣ ಅನ್ನಿಸಿತು, ಮುಚ್ಚಿಡುವುದಿಲ್ಲ.

ಮೇಡಂ ಕಣ್ಣು ಗೈಡಿನ ಕೈಮೇಲೆ. ಹುಟ್ಟನ್ನು ಎಡಬದಿಗೆ ನೆಟ್ಟಗೆ ಇಳಿಸಿ, ಅಲುಗದ ಹಾಗೆ ಒತ್ತಿ ಹಿಡಿದರು. ತಾರಸಿಯ ಮೇಲೆ ಖಾಲಿ ಕುರ್ಚಿಯ ಹಿಂದೆ ಕೂತು ನೂರು ಸಲ ಕೋಲು ಬೀಸಿದ ಅದೇ ಕೈಗಳು. ದೋಣಿ ನಿಧಾನಕ್ಕೆ ಎಡಕ್ಕೆ ಹೊರಳಿ ಜೊಂಡಿಗೆ ಉಜ್ಜಿಕೊಂಡು ನಿಂತಿತು. ಹಿಂದಿನ ನಾಲ್ಕೂ ಅದೇ ಜಾಡು ಹಿಡಿದವು.

ಆಗ ಬಲಗಡೆಯ ಆ ಖಾಲಿ ನೀರಿನ ಮೇಲೆ ಒಂದು ಗೆರೆ ಮೂಡಿತು. ಗೆರೆ ಉದ್ದವಾಗುತ್ತಾ ಬಂದು, ಸಾಹೇಬರು ಹೋಗಬೇಕೆಂದಿದ್ದ ಜಾಗದಲ್ಲಿ ಎಂಟನೆಯ ತಲೆ ಎದ್ದಿತು. ಬಾಯಿ ತೆರೆದು ಮುಚ್ಚಿತು. ಅಷ್ಟು ದೊಡ್ಡ ಬಾಯಿಯನ್ನು ನಾನು ಮತ್ತೆ ನೋಡಲಾರೆ. ಗೈಡ್ ಕೈ ಇಳಿಸದೆ ಕಾದರು. ಅದು ಮುಳುಗಿ, ಆಳದ ಕಡೆ ಹೋಗಿ, ಮಿಕ್ಕವುಗಳ ನಡುವೆ ಮತ್ತೆ ತಲೆ ಎತ್ತಿದ ಮೇಲೆಯೇ ನಾವು ದಡದ ಪಕ್ಕದಲ್ಲೇ ಒಂದೊಂದಾಗಿ ದಾಟಿದ್ದು.

ಮಧ್ಯಾಹ್ನ ನಡುಗಡ್ಡೆಯ ಮರಳಿನಲ್ಲಿ ಎಲ್ಲರೂ ಪುಳಿಯೋಗರೆ ತಿಂದೆವು. ಊಟವಾದ ಮೇಲೆ ಸಾಹೇಬರು ದೋಣಿಯ ಹತ್ತಿರ ಹೋಗಿ, ಸಡಿಲವಾಗಿದ್ದ ಅಕ್ಕಿ ಮೂಟೆಯ ಹಗ್ಗವನ್ನು ಬಿಗಿಯಾಗಿ ಕಟ್ಟಿ, ತಮ್ಮಷ್ಟಕ್ಕೆ ಮುಂದಿನ ಸೀಟಿನಲ್ಲಿ ಕೂತರು. ಅವರಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಎದುರು ನೋಡಿರಲಿಲ್ಲ.

ಬೆಂಗಳೂರಿಗೆ ಬಂದ ಮೂರನೇ ದಿನ ಮಾಲೀಕರು ಕರೆಸಿದರು. ಎಲ್ಲರೂ ಸುಖವಾಗಿ ಬಂದಿದ್ದಾರೆ, ಅದು ದೇವರ ದಯೆ ಅಂದರು. ಆದರೆ ಫೋನ್ ಆಫ್ ಮಾಡಿದ್ದು, ಆರ್ಡರ್ ಮೀರಿದ್ದು, ಇದನ್ನೆಲ್ಲ ಹಾಗೇ ಬಿಡಲು ಆಗುವುದಿಲ್ಲ. ತಪ್ಪಾಯಿತು ಅಂತ ಬರೆದುಕೊಟ್ಟರೆ ಮುಂದಿನ ಪ್ರವಾಸ ನನ್ನದೇ. ಇಲ್ಲದಿದ್ದರೆ ಕೌಂಟರ್. ಬಿಳಿ ಹಾಳೆ ಮುಂದೆ ತಳ್ಳಿದರು.

ಹಾಳೆ ಹಿಡಿದುಕೊಂಡು ಹೊರಗೆ ಬಂದರೆ ಬಳೇಪೇಟೆಯ ಆಕೆ ಬೆಂಚಿನ ಮೇಲೆ ಕೂತಿದ್ದರು. ಜೀಪು ಹತ್ತಿದ ದಿನದಿಂದ ನನ್ನ ಜೊತೆ ಹೆಚ್ಚು ಮಾತಾಡಿರಲಿಲ್ಲ. ಎದ್ದು ಬಂದು, ತಾರಸಿಯ ಬೀಗದ ಕೈ ಎಲ್ಲಿದೆ ಅಂತ ಕೇಳಿದರು. ಯಾಕೆ ಅಂದೆ.

"ಹಿಂದಕ್ಕೆ ಬರೋದು ಸರಿಯಾಗಿ ಬಂದಿಲ್ಲ ನಂಗೆ. ಇನ್ನೊಂದ್ಸಲ ಕರ್ಕೊಂಡ್ ಹೋಗ್ತೀರಲ್ಲ?"

ಬೀಗದ ಕೈ ಕೊಟ್ಟೆ. ಕೌಂಟರಿನ ಕುರ್ಚಿಯಲ್ಲೇ ಕೂತು ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಸಹಿ ಹಾಕಿ, ಒಳಗೆ ಹೋಗಿ ಮಾಲೀಕರ ಮೇಜಿನ ಮೇಲಿಟ್ಟೆ.

"ಪಟ್ಟಿ ಬರೆಯುವಾಗ ದೋಣಿಯ ಹಿಂದಿನ ಸೀಟೇ ಚುಕ್ಕಾಣಿ ಅಂತ ನನಗೆ ಗೊತ್ತಿರಲಿಲ್ಲ. ಅದು ನನ್ನ ತಪ್ಪು. ಗೊತ್ತಾದ ಮೇಲೂ ನಾನು ಪಟ್ಟಿ ಬದಲಾಯಿಸಲಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ."

ಅವರು ಎರಡು ಸಲ ಓದಿದರು. ತಲೆಯ ಮೇಲೆ, ತಾರಸಿಯಲ್ಲಿ, ಯಾರೋ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು.